ಆರು ತಂತಿಗೂ ಒಂದೇ ಬಿಗಿ

ಲಿಫ್ಟ್ ರಿಪೇರಿಯ ಮೇಸ್ತ್ರಿ ಐವತ್ತೆರಡನೆಯ ವಯಸ್ಸಿನಲ್ಲಿ ಗಿಟಾರ್ ಕೊಂಡ. ಮದುವೆಯಾಗಿ ಇಪ್ಪತ್ತೈದು ವರ್ಷ ತುಂಬುವ ದಿನ ಹೆಂಡತಿಗೆ ಒಂದು ಹಾಡು, ಒಂದೇ ಒಂದು ಹಾಡು ನುಡಿಸಬೇಕೆಂಬ ಆಸೆ. ಇಷ್ಟು ವರ್ಷ ಅವಳಿಗೆ ಅವನಿಂದ ಸಿಕ್ಕಿದ್ದು ಗ್ರೀಸ್ ಮೆತ್ತಿದ ಅಂಗಿಗಳು ಮತ್ತು "ಇವತ್ತು ತಡ ಆಗುತ್ತೆ" ಎಂಬ ಫೋನು. ಆಸೆಯನ್ನು ಹೊಟ್ಟೆಯೊಳಗೇ ಇಟ್ಟುಕೊಂಡಿದ್ದರೆ ಬಚಾವಾಗುತ್ತಿದ್ದ. ಹೆಂಡತಿಯ ತಮ್ಮನ ಮುಂದೆ ಬಾಯಿಬಿಟ್ಟ.

ಈ ಭಾವಮೈದುನ ಕಾಲೇಜಿನಲ್ಲಿ ಎರಡು ತಿಂಗಳು ಗಿಟಾರ್ ಹಿಡಿದವನು. ನುಡಿಸಿದ್ದನ್ನು ಕೇಳಿದವರಿಲ್ಲ, ಹಿಡಿದುಕೊಂಡ ಫೋಟೋ ಇದೆ. "ಭಾವ, ಮೊದಲು ಕೂರೋದು ಕಲೀರಿ. ಬೆನ್ನು ನೆಟ್ಟಗಿರ್ಬೇಕು. ತಂತಿ ಮುಟ್ಟೋದೆಲ್ಲ ಆಮೇಲೆ" ಎಂದ. ಮೇಸ್ತ್ರಿ ಹದಿನೈದು ದಿನ ಬರೀ ಕೂತ. ಗಿಟಾರಿನ ಸುದ್ದಿ ಹಬ್ಬಿತು. ಲಿಫ್ಟ್ ಕೆಟ್ಟು ಸಿಕ್ಕಿಹಾಕಿಕೊಂಡಿದ್ದ ವಕೀಲರೊಬ್ಬರು ಒಳಗಿನಿಂದಲೇ ಕೂಗಿ, ತಂತಿ ಮೀಟಲು ಉಗುರು ಬೆಳೆಸಬೇಕೆಂದರು. ಬೆಳೆಸಿದ. ಲಿಫ್ಟಿನ ಬಿಡಿಭಾಗ ಕೊಡುವ ಸ್ಟೋರಿನ ಗುಮಾಸ್ತ "ಉಗುರಿದ್ರೆ ಕೆಲಸ ಕೆಟ್ಟಿತು" ಎಂದ. ಕತ್ತರಿಸಿದ. ಗುಮಾಸ್ತ ಜನ್ಮದಲ್ಲಿ ಗಿಟಾರ್ ಮುಟ್ಟಿದವನಲ್ಲ; ಅವನ ಮನೆ ಗಿಟಾರ್ ಅಂಗಡಿಯ ಎದುರಿಗಿತ್ತು. ಬುದ್ಧಿ ಹೇಳಲು ಇನ್ನೆಷ್ಟು ಅರ್ಹತೆ ಬೇಕು?

ತಂತಿ ಬಿಗಿಯುವುದಕ್ಕೆ ಮಾತ್ರ ಮೇಸ್ತ್ರಿ ಯಾರನ್ನೂ ಕೇಳಲಿಲ್ಲ. ಅವನ ಲಿಫ್ಟಿಗೂ ಆರು ಉಕ್ಕಿನ ಹಗ್ಗ. ಆರೂ ಒಂದೇ ಸಮ ಬಿಗಿಯಾಗಿರಬೇಕು, ಒಂದು ಸಡಿಲವಾದರೂ ಉಳಿದವಕ್ಕೆ ಭಾರ. ಹೆಬ್ಬೆರಳಿನಿಂದ ಒತ್ತಿ ಒತ್ತಿ ನೋಡಿ ಗಿಟಾರಿನ ಆರೂ ತಂತಿಗಳನ್ನು ಒಂದೇ ಬಿಗಿಗೆ ತಂದ. ಇಲ್ಲಿ ಒಂದೊಂದು ತಂತಿಗೂ ಬೇರೆ ಸ್ವರ, ಅದನ್ನು ಕೇಳಿ ಬಿಗಿಯಬೇಕು ಎಂದು ಅಷ್ಟು ಜನ ಗುರುಗಳಲ್ಲಿ ಒಬ್ಬರೂ ಹೇಳಿರಲಿಲ್ಲ. ಬಾರಿಸಿದರೆ ಖಾಲಿ ಡಬ್ಬ ಉರುಳಿದ ಸದ್ದು. ಪಾಪ, ಕೂತದ್ದೇ ಸರಿಯಾಗಿಲ್ಲವೆಂದುಕೊಂಡು ಬೆನ್ನನ್ನು ಇನ್ನಷ್ಟು ನೆಟ್ಟಗೆ ಮಾಡಿದ. ಕೊನೆಗೆ ಒಂದೇ ತಂತಿಯ ಮೇಲೆ, ಒಂದೇ ಬೆರಳಿನಲ್ಲಿ ಹಾಡನ್ನು ಹುಡುಕಿಕೊಂಡ.

ಇಪ್ಪತ್ತೈದು ವರ್ಷ ತುಂಬಿದ ಆ ದಿನ ಸಂಜೆ ಮನೆ ತುಂಬ ಗುರುಗಳು. ಮೇಸ್ತ್ರಿ ಕೂರುತ್ತಿದ್ದಂತೆ ಶುರುವಾಯಿತು. "ಬೆನ್ನು, ಭಾವ!" "ಮಣಿಕಟ್ಟು ಸಡಿಲ ಬಿಡ್ರೀ!" "ಮೊದಲು ಉಸಿರು ತಗೊಳ್ಳಿ!" ಬೆರಳು ಮರಗಟ್ಟಿತು. ಹೆಂಡತಿಯ ಮುಖ ನೋಡಲಾರದೆ ಅವನು ನೆಲ ನೋಡಿದ. ನಾಚಿಕೆಯಿಂದ ಅಳುವೇ ಬಂದಿತ್ತು.

ಹೆಂಡತಿ ಎದ್ದು ಗಿಟಾರನ್ನು ತಮ್ಮನ ಕೈಗಿಟ್ಟಳು. "ನೀನೇ ಒಂದ್ಸಲ ನುಡಿಸಿ ತೋರ್ಸಪ್ಪ, ಇವರು ನೋಡ್ಕೊಳ್ಳಲಿ."

ತಮ್ಮ ಒಮ್ಮೆ ಮೀಟಿ, ತಲೆದೂಗಿ, "ಶ್ರುತಿ ಪರ್ಫೆಕ್ಟಾಗಿದೆ" ಎನ್ನುತ್ತ ವಕೀಲರಿಗೆ ದಾಟಿಸಿದ. ವಕೀಲರಿಗೆ ತಟ್ಟನೆ ಭುಜದ ನೋವು ನೆನಪಾಯಿತು. ಗುಮಾಸ್ತ ನೀರು ಕುಡಿಯಲು ಒಳಗೆ ಹೋದವನು ಬರಲೇ ಇಲ್ಲ. ಗಿಟಾರ್ ಮತ್ತೆ ಮೇಸ್ತ್ರಿಯ ತೊಡೆ ಸೇರಿತು.

ಹೆಂಡತಿ ಕುರ್ಚಿ ಎಳೆದುಕೊಂಡು, ಉಳಿದವರಿಗೆ ಬೆನ್ನು ಹಾಕಿ ಕೂತಳು. ಮೇಸ್ತ್ರಿ ಗೂನು ಬೆನ್ನು ಮಾಡಿಕೊಂಡು ಒಂದೇ ಬೆರಳಿನಲ್ಲಿ ನುಡಿಸಿದ.

"ಯಾವ ಹಾಡು ಅಂತ ಗೊತ್ತಾಗ್ಲಿಲ್ಲ. ಇನ್ನೊಂದ್ಸಲ ನುಡಿಸಿ" ಎಂದಳು.

ನುಡಿಸಿದ. ನಾಲ್ಕನೆಯ ಸಲಕ್ಕೆ ಅವಳು ಗುರುತು ಹಿಡಿದು, ಮುಂದಿನ ಸಾಲನ್ನು ತಾನೇ ಹಾಡಿದಳು. ಅವಳದ್ದೂ ಅಪಸ್ವರವೇ.