ಬಿಟ್ಟಿ ಮದ್ದು

“ಬಾಯಿ ಮುಚ್ಕೊಂಡು ಸುತ್ತೇ, ಮುಂಡೆ! ನಿನ್ನ ಬಾಯಿ ನಾತಕ್ಕೆ ನನ್ನ ಪೆಪ್ಪರಮೆಂಟೂ ಕೊಳೆಯುತ್ತೆ.”

ಸಾಹುಕಾರ ಮೂಗು ಹಿಡಿದುಕೊಂಡು ಬೈದದ್ದು ನನ್ನ ಅಕ್ಕನಿಗೆ. ತಿರುಗಿ ಬೈಯಲು ಅವಳು ಬಾಯಿ ತೆರೆಯಬೇಕಲ್ಲ? ಎಡದವಡೆ ಬಾತು, ಊತ ಕುತ್ತಿಗೆಗೆ ಇಳಿದಿತ್ತು. ಕೈ ಮಾತ್ರ ಕಾಗದದಲ್ಲಿ ಪೆಪ್ಪರಮೆಂಟು ಇಟ್ಟು ಎರಡೂ ತುದಿ ತಿರುಚುತ್ತಲೇ ಇತ್ತು.

ಈ ಕಾರ್ಖಾನೆಯಲ್ಲಿ ಹಲ್ಲುನೋವಿಗೆ ಎಲ್ಲರದೂ ಒಂದೇ ಮದ್ದು, ಒಡೆದ ಪೆಪ್ಪರಮೆಂಟು. ದವಡೆಯ ತೂತಿಗೆ ಒಂದು ಚೂರು ತುರುಕಿಕೊಂಡರೆ ತಣ್ಣಗಾಗುತ್ತದೆ, ನೋವು ಒಂದು ಗಳಿಗೆ ಸುಮ್ಮನಿರುತ್ತದೆ. ಕರಗಿದ ಮೇಲೆ ಇನ್ನೊಂದು ಚೂರು. ಊಟಕ್ಕೆ ಬಿಡುವು ಕೇಳಿದರೂ ಅದನ್ನೇ ಕೊಡುತ್ತಿದ್ದರು. ಸಕ್ಕರೆ ಹಲ್ಲು ತಿನ್ನುತ್ತದೆಂದು ನಮಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ನೋಯುವ ಹಲ್ಲಿಗೆ ನೀವೇ ಬುದ್ಧಿ ಹೇಳಿ ನೋಡಿ.

“ಹಲ್ಲಿದ್ದೋರಿಗೆ ಕಡಲೆ ಇಲ್ಲ, ಕಡಲೆ ಇದ್ದೋರಿಗೆ ಹಲ್ಲಿಲ್ಲ ಅಂತಾರೆ. ನಮಗೆ ಎರಡೂ ಇಲ್ಲ ಕಣ್ರೇ!” ಎಂದು ಪಕ್ಕದಲ್ಲಿ ಕೂರುವ ಕುಳ್ಳಿ ನಗಿಸುತ್ತಿದ್ದಳು. ನಗುವಾಗ ನಾವೆಲ್ಲ ಬಾಯಿಗೆ ಕೈ ಅಡ್ಡ ಹಿಡಿಯುತ್ತಿದ್ದೆವು.

ವರ್ಷಗಟ್ಟಲೆ ಹೀಗೇ ನಡೆಯಿತು. ಅಕ್ಕನಿಗೆ ಸಕ್ಕರೆ ಕಾಯಿಲೆ ಬಂತು, ಮಾತ್ರೆ ನುಂಗಿದರೂ ಇಳಿಯಲಿಲ್ಲ. ನಾಲ್ಕು ಹೆಜ್ಜೆ ನಡೆದರೆ ಏದುಸಿರು. ನಿನ್ನೆ ಸರ್ಕಾರಿ ಆಸ್ಪತ್ರೆಯ ಡಾಕ್ಟರಮ್ಮ ಟಾರ್ಚು ಬಿಟ್ಟು ನೋಡಿ ನನ್ನ ಮೇಲೇ ರೇಗಿದರು.

“ಇದು ಬರೀ ಹಲ್ಲಲ್ಲಮ್ಮ. ಕೀವು ರಕ್ತಕ್ಕೆ ಸೇರಿದ್ರೆ ಹೃದಯಕ್ಕೂ ಹೋಗುತ್ತೆ. ಸಕ್ಕರೆ ಇಳೀದೇ ಇರೋದಕ್ಕೂ ಇದೇ ಕಾರಣ ಇರ್ಬಹುದು. ಊತ ಕುತ್ತಿಗೆಗೆ ಇಳಿದ್ರೆ ಉಸಿರೇ ಕಟ್ಟುತ್ತೆ. ಇವತ್ತೇ ಸೇರಿಸಿ.”

“ಹೇಳದೆ ಹೋದ್ರೆ ಕೆಲಸ ಹೋಗುತ್ತೆ ಕಣೇ. ಬೆಳಿಗ್ಗೆ ಒಂದ್ಮಾತು ಹೇಳಿ ಹೋಗೋಣ,” ಎಂದಳು ಅಕ್ಕ. ನಾನೂ ಹೂಂ ಅಂದೆ, ನನ್ನ ಬುದ್ಧಿಗಿಷ್ಟು! ಹೇಳಲು ಒಳಗೆ ಬಂದೆವು, ಹಿಂದೆ ಬಾಗಿಲಿಗೆ ಬೀಗ ಬಿತ್ತು, ಸಾಹುಕಾರ ಅಕ್ಕನನ್ನು ಸುತ್ತಲು ಕೂರಿಸಿದ. ಒಲೆಯ ಮೇಲೆ ಪಾಕ ಇರುವವರೆಗೂ ಬಾಗಿಲು ತೆಗೆಯುವಂತಿಲ್ಲ. ಗಾಳಿ ತಾಕಿದರೆ ಪಾಕ ಕೆಡುತ್ತದಂತೆ.

“ಸಾಹುಕಾರ್ರೇ, ನಿಮ್ಮ ಕಾಲಿಗೆ ಬೀಳ್ತೀನಿ, ಬಾಗಿಲು ತೆಗೀರಿ. ಕೀವು ಎದೆಗೆ ಹೋಗುತ್ತಂತೆ.”

“ಹಲ್ಲಿಗೂ ಎದೆಗೂ ಏನೇ ಸಂಬಂಧ? ನಾಳೆ ಉಗುರು ನೋವಿಗೆ ತಲೆ ಕೆಟ್ಟಿದೆ ಅಂತೀಯ!” ಅವನು ಒಂದು ಹಿಡಿ ಚೂರು ತೆಗೆದು ಅಕ್ಕನ ಮುಂದೆ ನೆಲಕ್ಕೆ ಎಸೆದ. “ತಗೋ, ಬಾಯಲ್ಲಿಟ್ಕೋ. ಬಿಟ್ಟಿ ಮದ್ದು. ಸಂಜೆ ಲೋಡು ಹೋದ್ಮೇಲೆ ಎಲ್ಲಿಗಾದ್ರೂ ಹಾಳಾಗಿ ಹೋಗಿ.”

ಅಕ್ಕ ಆ ಚೂರು ಎತ್ತಿಕೊಳ್ಳಲು ಬಾಗಿದಳು. ಬಾಗಿದವಳು ಮೇಲೇಳಲಿಲ್ಲ, ಹಾಗೇ ಪಕ್ಕಕ್ಕೆ ಒರಗಿದಳು. ಗಂಟಲಲ್ಲಿ ಗೊರಗೊರ ಸದ್ದು. ತುಟಿ ಕಪ್ಪಿಟ್ಟಿತ್ತು.

“ಅಕ್ಕಾ! ಅಕ್ಕಾ, ಇಲ್ನೋಡೇ!”

“ನಾಟಕ,” ಎಂದ ಸಾಹುಕಾರ. “ನೀರು ಚಿಮುಕ್ಸಿ. ಎದ್ದು ಸುತ್ತಲಿ.”

ಕುಳ್ಳಿ ಕೈಯಲ್ಲಿದ್ದ ಕಾಗದ ಕೆಳಗಿಟ್ಟು ಅಕ್ಕನ ತಲೆಯನ್ನು ತೊಡೆಯ ಮೇಲೆ ತೆಗೆದುಕೊಂಡಳು. ನಾನು ಒಲೆಯ ಹತ್ತಿರ ಹೋದೆ. ದೊಡ್ಡ ಕಡಾಯಿಯ ತುಂಬ ಪಾಕ ಕುದಿಯುತ್ತಿತ್ತು. ಪಕ್ಕದಲ್ಲಿ ನೆಲ ಒರೆಸಿದ ಕೊಳಕು ನೀರಿನ ಬಕೆಟ್ಟು. ಎತ್ತಿದೆ, ಪೂರ್ತಿ ಸುರಿದೆ. ಪಾಕ ಭುಸ್ಸೆಂದು ಸಿಡಿದು ನನ್ನ ಮೊಣಕೈವರೆಗೂ ಸುಟ್ಟಿತು.

“ಅಯ್ಯೋ, ಬೋಳಿಮಗಳೇ! ಇಡೀ ಲೋಡು ಹಾಳು ಮಾಡ್ದೆಯಲ್ಲೇ!”

“ಪಾಕ ಮುಗೀತು, ಸಾಹುಕಾರ. ಬಾಗ್ಲು ತೆಗಿ.”

ಅವನು ಕೀಲಿಯಿದ್ದ ಜೇಬನ್ನು ಎರಡೂ ಕೈಯಲ್ಲಿ ಅದುಮಿ ಹಿಡಿದು ಬಾಗಿಲಿಗೆ ಬೆನ್ನು ಕೊಟ್ಟು ನಿಂತ. ಹೆಂಗಸರು ಒಬ್ಬೊಬ್ಬರಾಗಿ ಎದ್ದರು. ಒಲೆಯ ಸದ್ದಿನಲ್ಲಿ ಅಕ್ಕನ ಉಸಿರು ನನಗೆ ಕೇಳಿಸುತ್ತಿರಲಿಲ್ಲ. ತಿರುಗಿ ನೋಡಲು ಧೈರ್ಯ ಬರಲಿಲ್ಲ. ಪಾಕ ಅಂಟಿದ ಕಬ್ಬಿಣದ ಸೌಟನ್ನು ಎಳೆದುಕೊಂಡು ನಾನು ಅವನ ಕಡೆಗೆ ನಡೆದೆ.