ಲ್ಯಾನ್ಸ್ ಓಟ ಹೇಳಿದ್ದು

ಟಪ್, ಟಪ್. ಸ್ವಲ್ಪ ಬಿಟ್ಟು ಮತ್ತೆ ಟಪ್.

ಕೆಳಗೆ ಅಡುಗೆಮನೆಯ ಕಲ್ಲುಹಾಸಿನ ಮೇಲೆ ಏನೋ ಮೆತ್ತಗೆ ಬಡಿಯುತ್ತಿತ್ತು. ಪಕ್ಕದಲ್ಲಿ ಕೈಯಾಡಿಸಿದೆ. ಲ್ಯಾನ್ಸ್ ಇರಲಿಲ್ಲ. ಬಿದ್ದಿದ್ದಾನೆ ಎಂದುಕೊಂಡೇ ಎದ್ದೆ. ಚಳಿಗಾಲದಲ್ಲಿ ಅವನಿಗೆ ಲಕ್ವ ಹೊಡೆದಾಗಿನಿಂದ ನನ್ನ ಕಿವಿಗೆ ಎಲ್ಲ ಸದ್ದೂ ಗಂಡ ಬೀಳುವ ಸದ್ದೇ.

ಮೆಟ್ಟಿಲನ್ನು ಅರ್ಧ ಇಳಿದು ನಿಂತೆ. ಅವನು ಬಿದ್ದಿರಲಿಲ್ಲ. ಒಲೆಯ ಪಕ್ಕದ ಕುರ್ಚಿಯಲ್ಲಿ ಕೂತಿದ್ದ. ಕಾಲ ಬಳಿ ನಮ್ಮ ಕುರಿನಾಯಿ ಟಿಬ್ ಮಲಗಿದ್ದಳು. ಬಡಿಯುತ್ತಿದ್ದುದು ಅವಳ ಬಾಲ. ಲ್ಯಾನ್ಸ್ ಅವಳಿಗೆ ಯಾವುದೋ ಹಳೆಯ ಓಟದ ಕತೆ ಹೇಳುತ್ತಿದ್ದ.

"ನೀನು... ಓಡಿ ಹೋದೆ. ಹೋದೆ, ಮೇಲೆ... ಮೇಲಕ್ಕೆ. ಸುತ್ತಿ... ಸುತ್ತಿ ಬಂದೆ."

ಟಪ್.

ಹಗಲಿನಲ್ಲಿ ಇಷ್ಟು ಉದ್ದದ ಮಾತು ಅವನ ಬಾಯಿಂದ ಬಂದು ತಿಂಗಳುಗಳೇ ಆಗಿದ್ದವು.

ಮಾತು ಕಲಿಸಲು ಪೇಟೆಯಿಂದ ಬರುವ ಮಿಸ್ ಪ್ರೈಸ್ ಮೊದಲೇ ಹೇಳಿದ್ದಳು. "ದೊಡ್ಡ ಪದಗಳು ಉಳ್ಕೊಂಡಿವೆ, ಮಿಸೆಸ್ ಬರ್ಕೆಟ್. ಕುರಿ, ಗೇಟು, ಚಹಾ, ಎಲ್ಲ ಇವೆ. ಕಳಚಿ ಹೋಗಿರೋದು ಚಿಕ್ಕವು." ಚಿಕ್ಕವು ಎಂದರೆ ಏನು ಎಂದು ನನಗೆ ಯಾರೂ ಹೇಳಬೇಕಿರಲಿಲ್ಲ. ಊರ ಶಾಲೆಯಲ್ಲಿ ಮಕ್ಕಳಿಗೆ ನಾನು ಕಲಿಸಿದ್ದೇ ಅದನ್ನು. ನಮ್ಮ ಇಂಗ್ಲಿಷಿನಲ್ಲಿ 'ವೆಂಟ್' ಎಂಬ ಒಂದು ಪದವಿದೆ. ಅದರ ಬೆನ್ನಿಗೆ 'ಔಟ್' ನಿಂತರೆ ದೀಪ ಆರಿತು, 'ಆಫ್' ನಿಂತರೆ ಹಾಲು ಕೆಟ್ಟಿತು, 'ಆನ್' ನಿಂತರೆ ಬದುಕು ಮುಂದುವರಿಯಿತು. ಲ್ಯಾನ್ಸ್ ಬಳಿ ಉಳಿದಿದ್ದು ಬರಿಯ 'ಹೋಗು'. ಹೋಗಿದ್ದು ಯಾವಾಗ, ಒಳಗೋ ಹೊರಗೋ, ಮೇಲೋ ಕೆಳಗೋ, ಎಲ್ಲವನ್ನೂ ನಾನು ಜೋಡಿಸಿಕೊಡುತ್ತಿದ್ದೆ. ಜೋಡಿಸಿದಾಗಲೆಲ್ಲ ಅವನ ದವಡೆ ಬಿಗಿಯುತ್ತಿತ್ತು. ಅದು ನನಗೆ ಕಾಣುತ್ತಿತ್ತು. ಆದರೂ ಸುಮ್ಮನಿರಲು ಆಗುತ್ತಿರಲಿಲ್ಲ.

ಅವನ ಶಿಳ್ಳೆ ಮಾತ್ರ ಕೆಟ್ಟಿರಲಿಲ್ಲ. ಟಿಬ್‌ಳನ್ನು ಶಿಳ್ಳೆಯಲ್ಲೇ ಗುಡ್ಡವೆಲ್ಲ ಓಡಿಸಬಲ್ಲವನಾಗಿದ್ದ. ಹಾಗಾಗಿ, ನಾಯಿ ಕುರಿಗಳನ್ನು ಗುಡ್ಡದಿಂದ ಇಳಿಸಿ ಹೊತ್ತಿನೊಳಗೆ ದೊಡ್ಡಿಗೆ ಸೇರಿಸಬೇಕಾದ ಆಗಸ್ಟಿನ ಕುರಿನಾಯಿ ಪಂದ್ಯಕ್ಕೆ ಹೆಸರು ಕೊಟ್ಟ. ನನಗೆ ಚಿಂತೆ ಹತ್ತಿತು. ಓಟದ ಬಗ್ಗೆ ಅಲ್ಲ, ಓಟದ ನಂತರದ ಬಗ್ಗೆ. ನಮ್ಮ ಕಣಿವೆಯಲ್ಲಿ ತೀರ್ಪುಗಾರ ಕೊಟ್ಟ ಅಂಕ ಸಂಜೆಗೆ ಮರೆತುಹೋಗುತ್ತದೆ. ಚಹಾದ ಡೇರೆಯಲ್ಲಿ ಹೇಳಿದ ಓಟ ಮುಂದಿನ ವರ್ಷದವರೆಗೂ ಉಳಿಯುತ್ತದೆ. ನಾಯಿ ಓಡಿಸಿದವನೇ ನಿಂತು ಹೇಳಬೇಕು. ಅವನು ಹೇಳದಿದ್ದರೆ ಬೇರೆಯವರು ಹೇಳುತ್ತಾರೆ, ತಮಗೆ ಬೇಕಾದ ಹಾಗೆ.

ಮೊದಲ ಸಲ ಇಳಿದ ಆ ರಾತ್ರಿ ನಾನು ಮೆಟ್ಟಿಲ ಮೇಲೆ ಕೂತು ಕೇಳುತ್ತಿದ್ದಾಗ ಒಮ್ಮೆ ಅವನ ನಾಲಿಗೆ ತಪ್ಪಿ "ಸುತ್ತಿ ಬಾ" ಎಂದುಬಿಟ್ಟಿತು. ಟಿಬ್ ಚಂಗನೆ ನೆಗೆದು ಬಾಗಿಲಿಗೆ ಹೋಗಿ ನಿಂತಳು. ಅವಳನ್ನು ಕರೆದು ಮತ್ತೆ ಮಲಗಿಸಲು ಅವನಿಗೆ ಸಾಕುಸಾಕಾಯಿತು. "ಸುತ್ತಿ... ಬಂದೆ," ಎಂದು ತಿದ್ದಿಕೊಂಡ. ಟಿಬ್ ಕದಲಲಿಲ್ಲ. ಬಾ ಎಂದರೆ ಅವಳು ಓಡಬೇಕು. ಬಂದೆ ಎಂದರೆ ಮಲಗಿ ಕೇಳಬಹುದು. ಎಷ್ಟು ತಡವರಿಸಿದರೂ ಮಧ್ಯೆ ಬಾಯಿ ಹಾಕದೆ ಕೇಳುವವಳು ಮನೆಯಲ್ಲಿ ಅವಳೊಬ್ಬಳೇ ಇದ್ದಳು.

ಸದ್ದಿಲ್ಲದೆ ಹಾಸಿಗೆಗೆ ಮರಳಿದೆ. ಬೇಸಿಗೆಯುದ್ದಕ್ಕೂ ಎಷ್ಟೋ ರಾತ್ರಿ ಹಾಗೆ ಇಳಿದು, ಕೂತು, ಮರಳಿದೆ.

ಪಂದ್ಯದ ದಿನ ಟಿಬ್ ಐದು ಕುರಿಗಳನ್ನು ಗುಡ್ಡದ ನೆತ್ತಿಯಿಂದ ನೂಲು ಹಿಡಿದಂತೆ ಕೆಳಗಿಳಿಸಿದಳು. ಕೊನೆಗೆ ಉಳಿದದ್ದು ದೊಡ್ಡಿ. ನಾಲ್ಕು ಕುರಿ ಒಳಗೆ ಹೋದವು. ಐದನೆಯದು ದೊಡ್ಡಿಯ ಬಾಗಿಲಲ್ಲೇ ನಿಂತು ಕಾಲು ಕುಟ್ಟಿತು. ಟಿಬ್ ಹೊಟ್ಟೆ ನೆಲಕ್ಕೆ ತಾಗಿಸಿ ಹತ್ತಿರ ಸರಿದಳು. ಆಗ ಒಂದು ಗಿಡ್ಡ ಶಿಳ್ಳೆ ಕೇಳಿತು. ಟಿಬ್ ಹಿಂದಕ್ಕೆ ಬಂದಳು. ಕುರಿ ಕೊಸರಿಕೊಂಡು ಬಯಲಿಗೆ ಓಡಿತು. ಸಮಯ ಮುಗಿದ ಗಂಟೆ ಬಾರಿಸಿದರು.

ಡೇರೆಯಲ್ಲಿ ಪಕ್ಕದ ತೋಟದ ಡಗಿ ಟೋಲ್ಸನ್ ಕಾದು ಕೂತಿದ್ದ. ಅವನಿಗೂ ಲ್ಯಾನ್ಸ್‌ಗೂ ಎಪ್ಪತ್ತು ದಾಟಿದೆ. ಈಗಲೂ ಒಬ್ಬರನ್ನೊಬ್ಬರು ಹುಡುಗ ಎಂದೇ ಕರೆಯುತ್ತಾರೆ.

"ಏ ಹುಡುಗ, ನಿನ್ನ ನಾಯಿಗೆ ಎಂಥಾ ಮರ್ಯಾದೆಯೋ! ಕುರಿಗೆ ದಾರಿ ಬಿಟ್ಟು, ಹೋಗ್ಬನ್ನಿ ಅಮ್ಮಾವ್ರೇ ಅಂತಲ್ಲೋ!"

ಡೇರೆಯೇ ನಕ್ಕಿತು.

"ಹೆದರಿ ಹಿಂದೆ ಸರೀತು, ಅಷ್ಟೇ," ಎಂದ ಡಗಿ, ಈ ಸಲ ನಗದೆ. "ಅದರದೊಂದು ಮರಿ ಬೇಕು ಅಂದಿದ್ನಲ್ಲ, ಬೇಡಪ್ಪ ಬಿಡು."

ಕುರಿಗೆ ಹೆದರುವ ನಾಯಿ ಎಂದು ಡೇರೆಯಲ್ಲಿ ಹೆಸರಾದರೆ ಟಿಬ್‌ಳ ಕತೆ ಮುಗಿದಂತೆ. ಆ ಗಿಡ್ಡ ಶಿಳ್ಳೆ ಲ್ಯಾನ್ಸ್ ಅವಳನ್ನು ಹಿಂದಕ್ಕೆ ಕರೆಯುವುದೆಂದು ನನಗೆ ಗೊತ್ತಿತ್ತು. ವಾಕ್ಯ ಪೂರ್ತಿ ನನ್ನ ನಾಲಿಗೆಯ ತುದಿಗೆ ಬಂದಿತ್ತು. ಲ್ಯಾನ್ಸ್ ನನ್ನತ್ತ ನೋಡಿದ. ಸಹಾಯ ಕೇಳುವ ನೋಟವಲ್ಲ ಅದು. ತಟ್ಟೆಯಲ್ಲಿದ್ದ ಶುಂಠಿ ಬ್ರೆಡ್ಡಿನ ದೊಡ್ಡ ತುಂಡನ್ನು ಇಡಿಯಾಗಿ ಬಾಯಿಗೆ ತುರುಕಿಕೊಂಡೆ.

ಲ್ಯಾನ್ಸ್ ಮೇಜು ಹಿಡಿದು ಎದ್ದ.

"ಸರೀಲಿಲ್ಲ."

ಡೇರೆಯ ಜನ ಅವನತ್ತ ತಿರುಗಿದರು.

"ಅವಳು... ಓಡಿ ಹೋದ್ಲು. ಸುತ್ತಿ ಬಂದ್ಲು. ಐದೂ... ತಂದ್ಲು. ತಂದ್ಲು... ತಂದ್ಲು..."

"ಹೊತ್ಕೊಂಡು ತಂದ್ಲಾ?" ಎಂದ ಡಗಿ.

"ಬಾಯಿ ಮುಚ್ಚೋ ಡಗಿ." ಅದು ಎಲ್ಲೂ ತಡವರಿಸದೆ ಸಲೀಸಾಗಿ ಬಂತು. ಡೇರೆ ಮತ್ತೆ ನಕ್ಕಿತು, ಈ ಸಲ ಲ್ಯಾನ್ಸ್ ಪರವಾಗಿ. "ಕೆಳಗೆ. ಇಳಿಸಿ ತಂದ್ಲು. ಆಮೇಲೆ... ಕುರಿ. ಕಾಲು. ದೊಡ್ಡಿ ಕಂಬಿ. ಸಿಕ್ಕಿ... ಸಿಕ್ಕಿಹಾಕ್ಕೊಳ್ತು." ಉಸಿರು ಎಳೆದುಕೊಂಡ. ಹಣೆಯಲ್ಲಿ ಬೆವರು ಮೂಡಿತ್ತು. ಬಾಯಲ್ಲಿದ್ದ ಬ್ರೆಡ್ಡನ್ನು ನಾನು ಅಗಿಯಲೂ ಇಲ್ಲ, ನುಂಗಲೂ ಇಲ್ಲ. "ನಾನು ಕರೆದೆ. ನಾನೇ... ಹಿಂದಕ್ಕೆ ಕರೆದೆ. ಅವಳು ಬಂದ್ಲು." ಕೂರಲು ಹೋದವನು ಮತ್ತೆ ನೆಟ್ಟಗಾದ. "ನಿನ್ನ ಕುರಿ, ಹುಡುಗ."

ಪಂದ್ಯಕ್ಕೆ ಆ ವರ್ಷ ಕುರಿ ಕೊಟ್ಟವನು ಡಗಿಯೇ. ಕುರಿ ನೋಡಲು ಎದ್ದು ಹೊರಗೆ ಹೋದ. ಮರಳಿ ಬಂದಾಗ ಟೋಪಿ ಕೈಯಲ್ಲಿತ್ತು.

"ಮುಂಗಾಲು ತರಚಿದೆ," ಎಂದು ಎಲ್ಲರಿಗೂ ಕೇಳುವಂತೆ ಹೇಳಿದ. "ಇನ್ನೊಂದು ಚೂರು ಒತ್ತಿದ್ರೆ ಮೂಳೆ ಮುರೀತಿತ್ತು." ಟೋಪಿಯನ್ನು ತಿರುಗಿಸುತ್ತ ನಿಂತ. "ಟಿಬ್‌ಳ ಮರಿ... ಬೇಕು ಕಣೋ."

"ಸಾಲು," ಎಂದ ಲ್ಯಾನ್ಸ್. "ನಿಲ್ಲು."

ಡಗಿಯೇ ಎಲ್ಲರಿಗಿಂತ ಜೋರಾಗಿ ನಕ್ಕ.

ಬಹುಮಾನದ ಪಟ್ಟಿಯಲ್ಲಿ ನಮ್ಮ ಹೆಸರು ಬರಲಿಲ್ಲ. ಗೆದ್ದವನು ಯಾರೆಂದು ನಾನು ಕೇಳಿಕೊಳ್ಳಲೂ ಇಲ್ಲ. ಟಿಬ್‌ಳ ತಲೆ ಸವರುತ್ತ ಜನರ ನಡುವೆ ಕೂತಿದ್ದ ಗಂಡನನ್ನು, ಮದುವೆಯ ದಿನವೂ ಹಾಗೆ ನೋಡಿರಲಿಲ್ಲವೇನೋ, ದೂರದಿಂದ ನೋಡುತ್ತ ನಿಂತೆ.

ಡಗಿಯ ಹೆಂಡತಿ ಎಡ್ನಾ ನನ್ನ ತೋಳು ಹಿಡಿದಳು. "ಏನೇ ಮುರಿಯಲ್ ಇದು? ಒಂದೇ ಸಲಕ್ಕೆ ಮಾತು ಬಂದ್ಬಿಡ್ತಲ್ಲೇ! ಏನು ಕೊಟ್ಟೆ?"

"ನಾನೇನೂ ಕೊಟ್ಟಿಲ್ಲಮ್ಮ. ಅವನನ್ನೇ ಕೇಳು, ಹೇಳ್ತಾನೆ."

ಆ ವಾರ ಬಂದ ಮಿಸ್ ಪ್ರೈಸ್ ಸುದ್ದಿ ಕೇಳಿ ಕುಣಿದಾಡಿದಳು. ಮಾತು ಕಲಿಸಲು ತರುವ ತನ್ನ ಚಿತ್ರದ ಕಾರ್ಡುಗಳ ಕಟ್ಟನ್ನು, ಎಲ್ಲ ಅದರಿಂದಲೇ ಎಂಬಂತೆ, ಪ್ರೀತಿಯಿಂದ ತಟ್ಟಿದಳು. ಲ್ಯಾನ್ಸ್ ಅವಳಿಗೆ ಗಂಭೀರವಾಗಿ ತಲೆಯಾಡಿಸಿದ. ನನ್ನ ಕಡೆ ನೋಡಲಿಲ್ಲ.

ಅಂದು ರಾತ್ರಿ ಕೆಳಗೆ ಮತ್ತೆ ಟಪ್ ಎಂದಿತು. ಹಾಸಿಗೆಯ ತನಕ ಮಾತು ಸ್ಪಷ್ಟವಾಗಿ ಕೇಳುತ್ತಿರಲಿಲ್ಲ, ಏರಿಳಿತ ಮಾತ್ರ ಕೇಳುತ್ತಿತ್ತು. ಕಾಲು ಕೆಳಗಿಟ್ಟವಳು ಹಾಗೇ ಕೂತೆ. ಆಮೇಲೆ ಕಾಲು ಮೇಲೆಳೆದುಕೊಂಡು ಹೊದ್ದು ಮಲಗಿದೆ. ಮೆಟ್ಟಿಲ ಮೇಲೆ ಕೂತು ಕೇಳಿದ್ದನ್ನು ಎಡ್ನಾಗಾಗಲಿ, ಮಿಸ್ ಪ್ರೈಸ್‌ಗಾಗಲಿ, ಲ್ಯಾನ್ಸ್‌ಗಾಗಲಿ, ಯಾರಿಗೂ ಹೇಳಬಾರದೆಂದು ತೀರ್ಮಾನಿಸಿದೆ.