ನಾಲ್ಕನೇ ಬೆಡ್ಡಿನ ವರದಿ

"ಅಮ್ಮನ ಶ್ರದ್ಧಾಂಜಲಿ ಸಭೆಗೆ ದೊಡ್ಡ ಡಾಕ್ಟರೂ ಬರ್ತಾರಂತೆ, ವೇದಿಕೆ ಮೇಲೆ ಎರಡು ಮಾತಾಡ್ತಾರಂತೆ" ಅಂತ ತಮ್ಮ ಹೇಳಿದ್ದೇ ತಡ, ಮಗಳ ಮೈಯೆಲ್ಲಾ ಉರಿದುಹೋಯಿತು.

"ಬರಲಿ, ಬರಲಿ! ಹತ್ತೊಂಬತ್ತು ವರ್ಷದಿಂದ ಕಾಯ್ತಾ ಇದೀನಿ. ಇವತ್ತು ಎಲ್ಲರ ಎದುರಿಗೆ ಆ ಮನುಷ್ಯನ ನೀರಿಳಿಸದೆ ಬಿಟ್ಟರೆ ಕೇಳು."

"ಅಕ್ಕ, ಅಮ್ಮ ಹೋಗಿ ಎರಡು ವಾರ ಆಗಿಲ್ಲ. ಅವಳೇ ಕ್ಷಮಿಸಿದ ಮೇಲೆ ನಿಂದೇನು? ದಿನಾ ಪ್ರಾರ್ಥನೆಯಲ್ಲಿ ಅವರ ಹೆಸರನ್ನೂ ಹೇಳ್ತಿರಲಿಲ್ವಾ?"

ಹೇಳುತ್ತಿದ್ದಳು, ಸುಳ್ಳಲ್ಲ. ಮೊದಲು ಗಂಡ, ಆಮೇಲೆ ಮಕ್ಕಳಿಬ್ಬರು, ಆಮೇಲೆ ಹಾಸಿಗೆ ಹಿಡಿದ ಅತ್ತೆ, ಕೊನೆಗೆ ಆ ಡಾಕ್ಟರು. ಅದನ್ನು ಕೇಳಿದಾಗಲೆಲ್ಲ ಮಗಳಿಗೆ ತಟ್ಟೆ ಎತ್ತಿ ಬಿಸಾಡುವಷ್ಟು ಸಿಟ್ಟು ಬರುತ್ತಿತ್ತು. ಇಷ್ಟು ಒಳ್ಳೆಯವರಾಗಿರಬಾರದು ಮನುಷ್ಯರು!

ನಡೆದದ್ದು ಇಷ್ಟು. ಅಮ್ಮ ಮಕ್ಕಳ ವಾರ್ಡಿನ ನರ್ಸು. ಮನೆಯಲ್ಲಿ ಅತ್ತೆಯ ಮೈ ಒರೆಸಿ, ಎಲ್ಲರಿಗೂ ಅಡುಗೆ ಮಾಡಿಟ್ಟು, ದೇವರಿಗೆ ಕೈಮುಗಿದು ಓಡುವವಳು. ಒಂದು ಮಧ್ಯಾಹ್ನ ನಾಲ್ಕನೇ ಬೆಡ್ಡಿನ ಹುಡುಗಿಗೆ, ಐದು ವರ್ಷದ್ದು, ಡಾಕ್ಟರು ಫೋನಿನಲ್ಲೇ ಔಷಧ ಹೇಳಿದರು. ಫೋನಿನಲ್ಲಿ ಹೇಳಿದ್ದನ್ನು ನರ್ಸು ಬರೆದುಕೊಳ್ಳಬೇಕು, ಓದಿ ಹೇಳಬೇಕು, ಡಾಕ್ಟರು ಬಂದ ಮೇಲೆ ಅದಕ್ಕೆ ಸಹಿ ಹಾಕಬೇಕು. ಅಮ್ಮ ಬರೆದಳು, ಓದಿದಳು. ಮಗುವಿಗೆ ಇಷ್ಟೊಂದಾ ಅನ್ನಿಸಿ ಇನ್ನೊಮ್ಮೆ ಓದಿದಳು. "ಎಷ್ಟು ಸಲ ಹೇಳಲಿ? ನೀನು ಡಾಕ್ಟರಾ, ನಾನಾ?" ಅಂತ ಅವರು ಫೋನ್ ಕುಕ್ಕಿದರು. ಕೊಟ್ಟಳು. ಸಂಜೆಯೊಳಗೆ ಮಗು ಹೋಯಿತು. ಡಾಕ್ಟರು ಬಂದು ಆ ಪುಟ ನೋಡಿ, ಪೆನ್ನು ಜೇಬಿನಿಂದ ತೆಗೆಯಲೇ ಇಲ್ಲ. "ನಾನು ಹೇಳಿದ್ದು ಇದರ ಹತ್ತನೇ ಒಂದು ಪಾಲು" ಅಂದುಬಿಟ್ಟರು. ಸಹಿ ಇಲ್ಲದ ಪುಟವನ್ನು ಯಾರು ನಂಬುತ್ತಾರೆ? ಅಮ್ಮನನ್ನು ವಾರ್ಡಿನಿಂದ ಎತ್ತಿ ಬಟ್ಟೆ ಕೋಣೆಗೆ ಹಾಕಿದರು. ನಿವೃತ್ತಿಯವರೆಗೆ ಹನ್ನೊಂದು ವರ್ಷ ಹಾಸಿಗೆಯ ಬಟ್ಟೆ ಮಡಚಿದಳು.

ಮಗುವಿನ ತಾಯಿ ನಡುರಸ್ತೆಯಲ್ಲಿ ಅಮ್ಮನ ಮುಖಕ್ಕೆ ಉಗಿದಿದ್ದಳು. ಮಗಳು ಬಸ್ ಕಂಡಕ್ಟರ್ ಆದ ಮೇಲೂ ಆ ಹೆಂಗಸು ಅದೇ ದಾರಿಯ ಬಸ್ಸು ಹತ್ತುತ್ತಿದ್ದಳು. ಕೊಲೆಗಾತಿಯ ಮಗಳ ಕೈ ತಾಗಬಾರದು ಅಂತ ಟಿಕೆಟನ್ನು ತುದಿಯಲ್ಲಿ ಹಿಡಿದು ಎಳೆದುಕೊಳ್ಳುತ್ತಿದ್ದಳು. ಮಗಳು ಅದನ್ನೂ ನುಂಗಿಕೊಂಡಿದ್ದಳು.

ಹನ್ನೊಂದು ಗಂಟೆಗೆ ಆಸ್ಪತ್ರೆಯ ಸಭಾಂಗಣ ತುಂಬಿತ್ತು. ಬಟ್ಟೆ ಕೋಣೆಯ ಹೆಂಗಸರು ಅಳುತ್ತಾ ಕೂತಿದ್ದರು. ದೊಡ್ಡ ಡಾಕ್ಟರು ಕೋಲು ಊರಿಕೊಂಡು ಬಂದರು. ಎಂಬತ್ತು ದಾಟಿದ್ದರೂ ಇಸ್ತ್ರಿ ಮಾಡಿದ ಅಂಗಿ, ಬಾಚಿದ ತಲೆ. ಮಗಳು ಬಾಗಿಲಲ್ಲೇ ಅಡ್ಡ ನಿಂತಳು.

"ನಿನ್ನ ಹತ್ರಾನೇ ಮಾತಾಡಬೇಕಿತ್ತಮ್ಮ" ಅಂದರು ಅವರು, ಅವಳು ಬಾಯಿ ತೆರೆಯುವ ಮೊದಲೇ. ಇಬ್ಬರೂ ಪಕ್ಕದ ಖಾಲಿ ಕೋಣೆಗೆ ಹೋದರು.

"ನಿಮ್ಮಮ್ಮ ವರ್ಷಕ್ಕೊಂದು ಸಲ, ಅದೇ ದಿನ, ನಮ್ಮ ಮನೆ ಗೇಟಿಗೆ ಬರ್ತಿದ್ದಳು. ಗೊತ್ತಾ?"

ಮಗಳಿಗೆ ಗೊತ್ತಿರಲಿಲ್ಲ.

"ಪಾಳಿ ಬದಲಾಗುವಾಗ ನರ್ಸುಗಳು ವರದಿ ಒಪ್ಪಿಸ್ತಾರಲ್ಲ, ಹಾಗೆ. 'ನಾಲ್ಕನೇ ಬೆಡ್. ಇದ್ದಿದ್ದರೆ ಈಗ ಎಂಟು ವರ್ಷ.' ಮುಂದಿನ ವರ್ಷ ಒಂಬತ್ತು. ಎದುರಿನವರು 'ತಗೊಂಡೆ' ಅನ್ನೋವರೆಗೂ ನರ್ಸು ಹೋಗೋ ಹಾಗಿಲ್ಲ. ನಾನು ಅನ್ನಲಿಲ್ಲ. ಅವಳು ಗೇಟು ಹಿಡ್ಕೊಂಡು ನಿಂತೇ ಇರ್ತಿದ್ದಳು, ನಾನು ಒಳಗೆ ಹೋಗಿ ಬಾಗಿಲು ಹಾಕ್ಕೊಳ್ಳೋವರೆಗೂ. ಒಂದು ಲೋಟ ನೀರು ಕೂಡ ಕುಡೀಲಿಲ್ಲ ಕಣಮ್ಮ. ಒಂದು ಸಲ ಕೇಳಿದೆ, ನಿನಗೆ ಏನು ಬೇಕು, ಕಾಗದ ಬರೆದು ಕೊಡ್ಲಾ ಅಂತ. 'ನನಗೇನೂ ಬೇಡ, ಆ ತಾಯಿಗೆ ಹೋಗಿ ಹೇಳಿ' ಅಂದಳು. 'ನಿಮಗೋಸ್ಕರ ದಿನಾ ಪ್ರಾರ್ಥನೆ ಮಾಡ್ತೀನಿ. ನೂರು ವರ್ಷ ಬದುಕಲಿ, ಮರೆವು ಮಾತ್ರ ಬರದಿರಲಿ ಅಂತ.'"

ಮಗಳು ಗೋಡೆಗೆ ಒರಗಿದಳು. ಅಬ್ಬಾ, ನಮ್ಮಮ್ಮ! ಕ್ಷಮೆಯಂತೆ, ಮಣ್ಣಂಗಟ್ಟಿ! ಹತ್ತೊಂಬತ್ತು ವರ್ಷ ದೇವರನ್ನೇ ಕಾವಲಿಗೆ ಕೂರಿಸಿದ್ದಳು ಪುಣ್ಯಾತ್ಗಿತ್ತಿ. ಇಂಥ ಅಮ್ಮನನ್ನು ಸಪ್ಪೆ ಅಂದುಕೊಂಡಿದ್ದಕ್ಕೆ ಅವಳಿಗೆ ನಾಚಿಕೆಯಾಯಿತು, ನಗುವೂ ಬಂತು.

"ಈಗ ಅವಳೇ ಇಲ್ಲ" ಅಂದರು ಡಾಕ್ಟರು. ಅವರ ದನಿಯಲ್ಲಿ ಒಂದು ಥರದ ನೆಮ್ಮದಿ ಇತ್ತು. "ನಾನೂ ಎಷ್ಟು ದಿನ? ವೇದಿಕೆ ಮೇಲೆ ಎಲ್ಲಾ ಹೇಳಿಬಿಡ್ತೀನಿ. ನನ್ನದೇ ತಪ್ಪು ಅಂತ. ಮನಸ್ಸು ಹಗುರ ಆಗುತ್ತೆ."

ಮಗಳು ಕಾದಿದ್ದು ಇದಕ್ಕೇ ಅಲ್ಲವೇ? ಆದರೆ ಮುಂದಿನದು ಕಣ್ಣಿಗೆ ಕಟ್ಟಿತು. ಮುದುಕ ಮೈಕಿನ ಮುಂದೆ ಅಳುತ್ತಾನೆ. ಸಭೆ ಅಯ್ಯೋ ಪಾಪ ಅನ್ನುತ್ತದೆ, ಎಂಥ ದೊಡ್ಡ ಮನಸ್ಸು ಅನ್ನುತ್ತದೆ. ಯಾರೋ ನೀರು ಕೊಡುತ್ತಾರೆ. ಇವನು ಹಗುರವಾಗಿ ಮನೆಗೆ ಹೋಗಿ ಗಡದ್ದಾಗಿ ಊಟ ಮಾಡಿ ಮಲಗುತ್ತಾನೆ. ಉಗಿಸಿಕೊಂಡವಳು ಫೋಟೋದಲ್ಲಿ ನಗುತ್ತಿರುತ್ತಾಳೆ.

"ಬೇಡ" ಅಂದಳು. "ಮೈಕು ಬೇಡ. ನಡೀರಿ ನನ್ನ ಜೊತೆ."

"ಎಲ್ಲಿಗೆ?"

"ನಮ್ಮಮ್ಮ ಹೇಳಿದ ಕಡೆಗೆ. ಎರಡೇ ಸ್ಟಾಪು. ಆ ಮನೆ ನನಗೆ ಗೊತ್ತು."

ಡಾಕ್ಟರ ಮುಖ ಸುಣ್ಣದ ಹಾಗಾಯಿತು. "ಆ ತಾಯಿ ಮುಂದೆ... ನನಗೆ ಬಿಪಿ ಇದೆಯಮ್ಮ. ಇನ್ನೊಂದು ದಿನ..."

"ಬಿಪಿ ಮಾತ್ರೆ ದಾರಿಯಲ್ಲಿ ನುಂಗಿ. ಇಲ್ಲಾ ಅಂದರೆ ಮುಂದಿನ ವರ್ಷದಿಂದ ಗೇಟಿಗೆ ನಾನು ಬರ್ತೀನಿ. ನಾನು ನಮ್ಮಮ್ಮನಷ್ಟು ಮೆತ್ತಗೆ ಮಾತಾಡೋಳಲ್ಲ. ವರ್ಷಕ್ಕೊಂದೇ ಸಲ ಬರ್ತೀನಿ ಅಂತಾನೂ ಹೇಳಲ್ಲ."

ತಮ್ಮ ಬಾಗಿಲಲ್ಲಿ "ಅಕ್ಕ, ಸಭೆ ಶುರುವಾಯ್ತು!" ಅಂತ ಕೈಕೈ ಹಿಸುಕಿಕೊಂಡ. "ಹೊಗಳೋರು ಬೇಕಾದಷ್ಟು ಜನ ಇದ್ದಾರೆ, ನೀನು ಕೇಳು" ಅಂದು ಅವಳು ಮುದುಕನ ತೋಳು ಹಿಡಿದು ಹೊರಟಳು. ಬಸ್ಸಿನಲ್ಲಿ ಅವರನ್ನು ಮುಂದಿನ ಸೀಟಿನಲ್ಲಿ ಕೂರಿಸಿ, ತಾನು ಪಕ್ಕದಲ್ಲೇ ನಿಂತಳು. ಎಲ್ಲಿ ಇಳಿದು ಓಡಿಬಿಡುತ್ತಾನೋ ಅಂತ.

ಕಿರಿದಾದ ಓಣಿ, ನೀಲಿ ಬಾಗಿಲು. ಬಾಗಿಲು ತೆರೆದ ಹೆಂಗಸಿನ ಕೂದಲು ಪೂರ್ತಿ ಬೆಳ್ಳಗಾಗಿತ್ತು. ಕಂಡಕ್ಟರನ್ನು ಕಂಡವಳೇ ಮುಖ ಸಿಂಡರಿಸಿದಳು.

"ನಾನಲ್ಲ, ಇವರು ಮಾತಾಡ್ತಾರೆ" ಅಂದಳು ಮಗಳು.

ಡಾಕ್ಟರು ಕೋಲನ್ನು ಎರಡೂ ಕೈಯಲ್ಲಿ ಹಿಡಿದರು. "ಆವತ್ತು ಆ ನರ್ಸು ಎರಡು ಸಲ ಕೇಳಿದ್ದಳು. ತಪ್ಪು ಹೇಳಿದ್ದು ನಾನು. ಆಮೇಲೆ ಸುಳ್ಳು ಹೇಳಿದ್ದೂ ನಾನೇ."

ಆ ತಾಯಿ ಕಿರುಚಲಿಲ್ಲ, ಉಗಿಯಲಿಲ್ಲ. ಮಗಳ ಕಡೆ ತಿರುಗಿ, "ನಿಮ್ಮಮ್ಮ ಇದ್ದಾಳಾ?" ಅಂದಳು.

"ಇಲ್ಲ. ಹೋಗಿ ಹದಿಮೂರು ದಿನ."

ಆ ಹೆಂಗಸು ಕೈ ಚಾಚಿ ಮಗಳ ಕೈಯನ್ನು ಗಟ್ಟಿಯಾಗಿ ಹಿಡಿದಳು, ಬಿಟ್ಟಳು. ಆಮೇಲೆ ಬಾಗಿಲನ್ನು ಪೂರ್ತಿ ತೆಗೆದು ಪಕ್ಕಕ್ಕೆ ಸರಿದು ನಿಂತಳು.

"ಒಳಗೆ ಬನ್ನಿ ಡಾಕ್ಟ್ರೇ, ಕೂತ್ಕೊಳ್ಳಿ. ಬೆಳಿಗ್ಗೆ ಅವಳನ್ನು ಅಡ್ಮಿಟ್ ಮಾಡಿದಲ್ಲಿಂದ ಹೇಳಿ, ಒಂದೂ ಬಿಡಬೇಡಿ. ಮುಗಿದ ಮೇಲೆ ಇನ್ನೊಂದು ಸಲ ಹೇಳಿ. ನಾಳೇನೂ ಬನ್ನಿ. ನನಗೇನೂ ಅವಸರ ಇಲ್ಲ."

ಮುದುಕ ಮಗಳ ಕಡೆ ತಿರುಗಿ ನೋಡಿದ. ಅವಳು ಬೆನ್ನ ಮೇಲೆ ಕೈಯಿಟ್ಟು ಮೆಲ್ಲಗೆ ಒಳಗೆ ದೂಡಿದಳು. ಬಾಗಿಲು ಮುಚ್ಚಿತು, ಒಳಗಿನಿಂದ ಚಿಲಕ ಬಿತ್ತು. ಅಮ್ಮ ಹೋದ ಮೇಲೆ ಮೊದಲ ಸಲ ಅವಳಿಗೆ ಹಸಿವಾಯಿತು.